ನ್ಯೂ ಫೋಲ್ಡರ್‌ನಲ್ಲಿದ್ದ ಒಡಪುಗಳು

ಹಳೆಯ ಕಂಪ್ಯೂಟರಿನ ಡಬ್ಬಿಯ ತಗಡು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ನೀವು ಗಮನಿಸಿರಲಿಕ್ಕಿಲ್ಲ, ಡಬ್ಬಿ ಬಿಚ್ಚುವ ಚಟ ಎಲ್ಲರಿಗೂ ಇರುವುದಿಲ್ಲ. ವರ್ಷಗಟ್ಟಲೆ ಬಿಸಿ ತಿಂದ ಧೂಳು, ಕಾದ ಪ್ಲಾಸ್ಟಿಕ್ಕು, ಅದರ ಮೇಲೆ ನಮ್ಮ ಮನೆಯಲ್ಲಾದರೆ ಪಕ್ಕದ ದೇವರ ಜಗಲಿಯಿಂದ ಹಾರಿ ಬಂದ ಊದಿನಕಡ್ಡಿಯ ಬೂದಿ. ಹೋದ ಭಾನುವಾರ ಬೆಳಿಗ್ಗೆ ಬಣ್ಣ ಬಳಿಯುವ ಕುಂಚ ಹಿಡಿದು ಆ ಧೂಳು ಒರೆಸಲು ಕೂತವಳು, ಮೂಗಿಗೆ ವಾಸನೆ ಬಡಿದದ್ದೇ ಕುಂಚ ಕೆಳಗಿಟ್ಟೆ.

ಆರು ತಿಂಗಳ ಹಿಂದೆ ಈ ಡಬ್ಬಿಯ ಎದುರು ಆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅನಾಹುತ ಮಾಡಿದವಳು ನಾನಲ್ಲ, ನೋಡಿದವಳು ಮಾತ್ರ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನೋಡಿದವಳು ಎಂಬ ಮಾತಿನಲ್ಲಿ ಎಷ್ಟು ಸುಳ್ಳಿದೆ ಎಂಬುದನ್ನು ನೀವೇ ತೀರ್ಮಾನಿಸಿ.

ಹೈದರಾಬಾದಿನ ಹಿಮಾಯತ್‌ನಗರದ ಅಂಗಡಿಗಳ ಗದ್ದಲದ ಹಿಂದಿನ ಓಣಿಯಲ್ಲಿ, ಎರಡನೇ ಮಹಡಿಯಲ್ಲಿ ನಮ್ಮ ಮನೆ. ನಾನು, ನನ್ನ ಗಂಡ, ನಮ್ಮ ಅತ್ತೆ, ಮೈದುನ ಗಿರೀಶ, ಅವನ ಹೆಂಡತಿ ಪಲ್ಲವಿ. ಹೊರಗೆ ತೆಲುಗು, ಆಟೋದವನ ಜೊತೆ ಹಿಂದಿ, ಚಪ್ಪಲಿ ಬಿಟ್ಟು ಒಳಗೆ ಬಂದರೆ ವಿಜಯಪುರದ ಕನ್ನಡ. ಅತ್ತೆಗೆ ಈಗ ಎಪ್ಪತ್ತಾರು. ಊರಿನ ಸುದ್ದಿ ಅವರಿಗೆ ಹೆಚ್ಚು ಬರುವುದಿಲ್ಲ, ಆದರೆ ಈ ಊರಿನಲ್ಲಿರುವ ನಮ್ಮ ಕಡೆಯ ಹೆಂಗಸರಿಗೆಲ್ಲ ಅವರ ಫೋನ್ ನಂಬರ್ ಬಾಯಿಪಾಠ. ಕಾರಣ, ಒಡಪು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮಸುಮ್ಮನೆ ಹೇಳುವಂತಿಲ್ಲ. ಪ್ರಾಸ ಕೂಡುವ ಎರಡು ಸಾಲಿನೊಳಗೆ ಹೆಸರನ್ನು ಕೂಡಿಸಿ ಹೇಳಬೇಕು, ಅದೇ ಒಡಪು. ಹೊಸ ಸೊಸೆ ಹೊಸ್ತಿಲು ದಾಟುವಾಗ, ಬಸುರಿಗೆ ಮಾಡುವ ಕುಬಸದಲ್ಲಿ, ಕೂಸಿನ ತೊಟ್ಟಿಲ ಶಾಸ್ತ್ರದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಡಪು ಹೇಳಿದ ಹೊರತು ಬಿಡುವುದಿಲ್ಲ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಹುಡುಗಿಯರಿಗೆ ಇದೆಲ್ಲಿ ಬರಬೇಕು? ಅವರ ಅತ್ತೆಯರು ನಮ್ಮ ಅತ್ತೆಗೆ ಫೋನ್ ಮಾಡುತ್ತಾರೆ. “ಅಕ್ಕಾರ, ನಮ್ಮ ಸೊಸೀಗೆ ಒಂದು ಒಡಪು ಬೇಕಾಗೇತ್ರಿ. ಹುಡುಗನ ಹೆಸರು ಸಂದೀಪ.” ಅತ್ತೆ ಕಣ್ಣು ಮುಚ್ಚಿ ಒಂದು ನಿಮಿಷ ಕೂತು ಹೇಳುತ್ತಾರೆ:

“ಕೋಠಿಯಾಗ ಕೊಂಡೇನಿ ಕೆಂಪಂಚಿನ ಸೀರಿ,
ಸಂದೀಪರ ಹೆಸರು ಹೇಳೇನಿ, ಬಿಡ್ರೆವ್ವ ದಾರಿ.”

ಆ ಕಡೆಯಿಂದ ನಗು, ಈ ಕಡೆಯಿಂದ ನಗು. ಹೀಗೆ ಅವರು ಕಟ್ಟಿದವು, ಬೇರೆ ಮುದುಕಿಯರ ಬಾಯಿಂದ ಕೇಳಿ ಕೂಡಿಟ್ಟವು, ಎಲ್ಲ ಸೇರಿ ಸಾವಿರಕ್ಕೆ ಹತ್ತಿರ ಬಂದಿದ್ದವು.

ನನ್ನ ಕಥೆಯೂ ಒಂದು ಒಡಪಿನಿಂದಲೇ ಶುರುವಾದದ್ದು. ಮದುವೆಯಾಗಿ ಈ ಮನೆಯ ಬಾಗಿಲಿಗೆ ಬಂದ ದಿನ ಹತ್ತಾರು ಹೆಂಗಸರು ಅಡ್ಡ ನಿಂತರು. ನಾನು ಬಿ.ಎಸ್ಸಿ. ಮುಗಿಸಿ ಮೇಲೊಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು, ಒಂದು ಸಾಲೂ ಬಾರದೆ ಬೆವರಿದೆ. ಆಗ ನನ್ನ ಹಿಂದೆ ನಿಂತ ಅತ್ತೆ ಸೆರಗು ಸರಿಮಾಡುವ ನೆವದಲ್ಲಿ ಬಾಗಿ, ಕಿವಿಯೊಳಗೆ ಎರಡು ಸಾಲು ಉಸುರಿದರು. ನಾನು ಗಟ್ಟಿಯಾಗಿ ಹೇಳಿದೆ. ಎಲ್ಲರೂ “ಭಾಳ ಶಾಣ್ಯಾ ಸೊಸಿ ಸಿಕ್ಕಾಳ ನಿನಗ” ಎಂದರು. ಅತ್ತೆ ಏನೂ ಗೊತ್ತಿಲ್ಲದವರಂತೆ ಆರತಿ ತಟ್ಟೆ ಹುಡುಕಲು ಹೋದರು. ಆ ಪಿಸುಮಾತು ನನ್ನದೊಬ್ಬಳದು ಎಂದು ನಾನು ಇಪ್ಪತ್ತು ವರ್ಷ ನಂಬಿದ್ದೆ.

ಅತ್ತೆಯ ಬಲಗೈ ನಡುಗಲು ತೊಡಗಿದ ಮೇಲೆ ಅವರಿಗೆ ಬರೆಯಲು ಆಗಲಿಲ್ಲ. ಗೆರೆಗಳು ಇರುವೆ ಸಾಲಿನಂತೆ ಚದುರುತ್ತಿದ್ದವು. ನಾನೇ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಒತ್ತಿದ ಗುಂಡಿ ನಡುಗುವುದಿಲ್ಲವಲ್ಲ. ಆಗಿನ ಕಾಲಕ್ಕೆ ಸಿಕ್ಕ ಕನ್ನಡ ಫಾಂಟ್ ಹಾಕಿದೆ. ಅದೊಂದು ವಿಚಿತ್ರ ವ್ಯವಸ್ಥೆ: ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ, ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಟೋಪಿ, ಕೊಂಬು, ಚುಕ್ಕೆ ಇಟ್ಟುಕೊಂಡು ಹುಚ್ಚರಂತೆ ನಿಲ್ಲುತ್ತವೆ. ಫೈಲುಗಳ ಹೆಸರನ್ನು ಆ ಫಾಂಟಿನಲ್ಲಿ ಇಡಲು ಬರುತ್ತಿರಲಿಲ್ಲವಾದ್ದರಿಂದ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟೆ. ಅವೆಲ್ಲವನ್ನೂ ಇಟ್ಟ ಫೋಲ್ಡರಿಗೆ ಒಂದು ಹೆಸರು ಕೊಡಬೇಕಿತ್ತು. ಆಮೇಲೆ ಕೊಟ್ಟರಾಯಿತು ಅಂದುಕೊಂಡೆ. ಹನ್ನೊಂದು ವರ್ಷ ಅದು ‘ನ್ಯೂ ಫೋಲ್ಡರ್’ ಆಗಿಯೇ ಉಳಿಯಿತು. ಅತ್ತೆ ಎಡಗೈಯಿಂದ ಬಲಗೈ ಹಿಡಿದು, ಒಂದು ಬೆರಳಿನಿಂದ ಅದನ್ನು ತುಂಬುತ್ತ ಹೋದರು. ಕಾಗದದ ಮೇಲೆ ಒಂದೂ ಇರಲಿಲ್ಲ.

ಹನ್ನೊಂದು ವರ್ಷದಲ್ಲಿ ಕಂಪ್ಯೂಟರಿಗೂ ಮುಪ್ಪು ಬಂತು. ಬೆಳಿಗ್ಗೆ ಗುಂಡಿ ಒತ್ತಿ ಅತ್ತೆ ಕುಕ್ಕರ್ ಇಡುತ್ತಿದ್ದರು. ಮೂರು ಸೀಟಿ ಆಗಿ, ಬೇಳೆ ಕಡೆದು, ಒಗ್ಗರಣೆ ಕೊಟ್ಟು ಬಂದರೂ ಪರದೆಯ ಮೇಲೆ ಚುಕ್ಕೆಗಳ ಉಂಗುರ ಸುತ್ತುತ್ತಲೇ ಇರುತ್ತಿತ್ತು. “ಯವ್ವಾ, ನಿನ್ನ ಪೇಷಂಟ ಮಲಗೇತಿ ನೋಡು” ಎಂದು ನನ್ನನ್ನು ಕರೆಯುತ್ತಿದ್ದರು. ನಾನು ಡಾಕ್ಟರಮ್ಮನ ಗತ್ತಿನಲ್ಲಿ ಕೂರುತ್ತಿದ್ದೆ. ಮೊದಲು ಒಮ್ಮೆ ರೀಸ್ಟಾರ್ಟ್. ಆಮೇಲೆ, ಕಂಪ್ಯೂಟರ್ ಏಳುವಾಗ ಕರೆಯದೆ ಜೊತೆಗೆ ಏಳುವ ಪ್ರೋಗ್ರಾಮುಗಳ ಪಟ್ಟಿ ತೆರೆದು ಬೇಡವಾದವನ್ನು ಮಲಗಿಸುವುದು. ವರ್ಷಗಳಿಂದ ಮುಟ್ಟದ ಪ್ರೋಗ್ರಾಮುಗಳನ್ನು ಅನ್‌ಇನ್‌ಸ್ಟಾಲ್ ಮಾಡುವುದು, ತಾತ್ಕಾಲಿಕ ಫೈಲುಗಳ ಕಸ ಗುಡಿಸಿ ಡಿಸ್ಕಿನಲ್ಲಿ ಜಾಗ ಮಾಡುವುದು. ‘ಒಂದೇ ಕ್ಲಿಕ್ಕಿಗೆ ಹತ್ತು ಪಟ್ಟು ವೇಗ’ ಎಂದು ಕರೆಯುವ ಸಾಫ್ಟ್‌ವೇರನ್ನು ಎಂದೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವು ಕಸ ಗುಡಿಸಲು ಬಂದು ತಾವೇ ಬಿಡಾರ ಹೂಡುತ್ತವೆ. ಇಷ್ಟು ಮಾಡಿದರೆ ಒಂದು ತಿಂಗಳು ಪರವಾಗಿಲ್ಲ ಎನ್ನುವಂತೆ ನಡೆಯುತ್ತಿತ್ತು. ಮತ್ತೆ ಮಲಗುತ್ತಿತ್ತು. ಮತ್ತೆ ನನಗೆ ಕರೆ.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹಳೆಯ ತಿರುಗುವ ಡಿಸ್ಕನ್ನು ತೆಗೆದು ಹೊಸ ನಮೂನೆಯದು ಹಾಕಿದರೆ, ರ್‍ಯಾಮ್ ಒಂದಿಷ್ಟು ಹೆಚ್ಚಿಸಿದರೆ ಆ ಕಂಪ್ಯೂಟರ್ ಓಡುತ್ತದೆ ಎಂಬುದು ನನಗೆ ನಾಲ್ಕು ವರ್ಷಗಳಿಂದ ಗೊತ್ತಿತ್ತು. ಹೇಳಲಿಲ್ಲ. ಅದು ಓಡತೊಡಗಿದರೆ ನನ್ನನ್ನು ಯಾರು ಕರೆಯುತ್ತಾರೆ? ನೆಂಟರಿಷ್ಟರ ಮುಂದೆ “ನಮ್ಮ ದೊಡ್ಡಾಕಿ ಇಲ್ಲಂದ್ರ ಈ ಡಬ್ಬಿ ಏಳೂದಿಲ್ಲ ನೋಡ್ರಿ” ಎಂಬ ಮಾತು ಎಲ್ಲಿಂದ ಬರುತ್ತದೆ? ಅದರ ನಿಧಾನವೇ ಈ ಮನೆಯಲ್ಲಿ ನನ್ನ ಜಾಗವಾಗಿತ್ತು.

ಆಗ ಪಲ್ಲವಿ ಬಂದಳು. ನನ್ನ ನೆಗೆಣ್ಣಿ. ಬೀದರ್‌ನಿಂದ ಓದಲು ಬಂದು, ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದು, ಅಲ್ಲಿಯ ತರಬೇತಿ ಕೇಂದ್ರವೊಂದರಲ್ಲಿ ಸಾಫ್ಟ್‌ವೇರ್ ಕಲಿತು ನೌಕರಿ ಹಿಡಿದವಳು. ಮದುವೆಯಾಗಿ ಹೊಸ್ತಿಲಿಗೆ ಬಂದಾಗ ಎಂದಿನಂತೆ ಹೆಂಗಸರು ಅಡ್ಡ ನಿಂತರು. ಅತ್ತೆ ಅವಳ ಹಿಂದೆ ಹೋಗಿ ಸೆರಗಿಗೆ ಕೈ ಹಾಕಿದ್ದನ್ನು ನಾನು ನೋಡಿದೆ. ಆ ಪಿಸುಮಾತು ಇನ್ನೊಂದು ಕಿವಿಗೆ ಹೋಗುತ್ತಿದೆ ಎಂದು ಒಂದು ಹೆಜ್ಜೆ ಮುಂದೆ ಬಂದೆ. ಆದರೆ ಪಲ್ಲವಿಗೆ ಅದರ ಅಗತ್ಯವೇ ಬೀಳಲಿಲ್ಲ. ಗಲ್ಲದ ಮೇಲೆ ಬೆರಳಿಟ್ಟು ಒಂದು ಕ್ಷಣ ಯೋಚಿಸಿ ಹೇಳಿಬಿಟ್ಟಳು:

“ಅಮೀರ್‌ಪೇಟಿಗೆ ಬರತೈತಿ ಮೆಟ್ರೋ ಐದು ನಿಮಿಷಕ್ಕೊಮ್ಮೆ,
ಗಿರೀಶರ ಮಾರಿ ನೋಡಬೇಕು ನಾ ನಿಮಿಷಕ್ಕೊಮ್ಮೆ.”

ಹೆಂಗಸರು ಸೊಂಟ ಹಿಡಿದುಕೊಂಡು ನಕ್ಕರು. ಅತ್ತೆಯಂತೂ ಆರತಿ ಎತ್ತುವುದನ್ನೇ ಮರೆತು, “ಇದನ್ನ ಈಗ ಬರಿಬೇಕು, ಈಗ ಬರಿಬೇಕು” ಎಂದು ಕಂಪ್ಯೂಟರಿನ ಕಡೆ ಹೊರಟರು. ನಾನೇ ಹೋಗಿ ಅದನ್ನು ಆನ್ ಮಾಡಿಕೊಟ್ಟೆ. ಅವಳ ಒಡಪಿಗಾಗಿ ನಾನು ಚುಕ್ಕೆಗಳ ಉಂಗುರ ನೋಡುತ್ತ ಕೂತೆ.

ಹೊಟ್ಟೆಕಿಚ್ಚು ಒಂದೇ ಸಲಕ್ಕೆ ಭಗ್ಗನೆ ಹತ್ತುವುದಿಲ್ಲ. ದಿನಕ್ಕೊಂದು ಪುಳ್ಳೆ ಬೀಳುತ್ತದೆ. ಮೊದಲು ಅತ್ತೆ ಅವಳನ್ನು ‘ಪಲ್ಲೂ’ ಎಂದರು. ನಾನು ಇಪ್ಪತ್ತು ವರ್ಷದಲ್ಲಿ ‘ಯವ್ವಾ’ದಿಂದ ಮುಂದೆ ಹೋಗಿರಲಿಲ್ಲ. ಅವಳ ಲ್ಯಾಪ್‌ಟಾಪ್ ಮುಚ್ಚಳ ತೆರೆಯುವಷ್ಟರಲ್ಲಿ ಎಚ್ಚರಾಗುತ್ತಿತ್ತು; ನನ್ನ ಪೇಷಂಟ್ ಪಕ್ಕದಲ್ಲಿ ಏದುಸಿರು ಬಿಡುತ್ತಿತ್ತು. ನಾನು ಜೀವವಿಮೆಯ ಕಚೇರಿಯಲ್ಲಿ ಫೈಲು ಹೊತ್ತು ಸಂಜೆ ಬಂದರೆ ಅವಳು ಮನೆಯಲ್ಲಿಯೇ ಕೂತು ಕೆಲಸ ಮುಗಿಸಿ, ಅತ್ತೆಯ ಕೂದಲಿಗೆ ಎಣ್ಣೆ ಹಚ್ಚಿ, ಗಂಟು ಹಾಕಿರುತ್ತಿದ್ದಳು. ಒಂದು ದಿನ ಬಂದು ನೋಡುತ್ತೇನೆ, ಅತ್ತೆ ಪಲ್ಲವಿಯ ಫೋನನ್ನು ಬಾಯಿಯ ಹತ್ತಿರ ಹಿಡಿದು ಒಡಪು ಹೇಳುತ್ತಿದ್ದಾರೆ, ಫೋನು ತಾನೇ ಕನ್ನಡದಲ್ಲಿ ಬರೆಯುತ್ತಿದೆ. “ನೋಡವ್ವಾ, ಬೆರಳಿನ ಕೆಲಸಾನ ಇಲ್ಲ!” ಎಂದರು ಅತ್ತೆ. ಪಲ್ಲವಿ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದು ಹೊಸ ಫೋಲ್ಡರ್ ಮಾಡಿದ್ದಳು, ಅದಕ್ಕೆ ‘ಅತ್ತೆ ಒಡಪು’ ಎಂದು ಚಂದದ ಹೆಸರು ಕೊಟ್ಟಿದ್ದಳು. ಹನ್ನೊಂದು ವರ್ಷ ನನಗೆ ಬಾರದ ಬುದ್ಧಿ ಅವಳಿಗೆ ಮೊದಲ ದಿನವೇ ಬಂದಿತ್ತು.

“ಚಲೋ ಆತಲ್ರಿ ಅತ್ಯಾರ” ಎಂದೆ. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಆರು ತಿಂಗಳ ಹಿಂದಿನ ಆ ಭಾನುವಾರ ಊಟವಾದ ಮೇಲೆ ಕಂಪ್ಯೂಟರ್ ಪೂರಾ ಸ್ತಬ್ಧವಾಯಿತು. ಅತ್ತೆ ನನ್ನನ್ನು ಕರೆಯಲಿಲ್ಲ. “ಪಲ್ಲೂ, ನೀ ಒಂದೀಟು ನೋಡ. ದೊಡ್ಡಾಕಿ ಹತ್ತು ವರ್ಷದಿಂದ ಔಷಧ ಕೊಟ್ಟ ಕೊಟ್ಟ ಸಾಕಾಗ್ಯಾಳ” ಎಂದರು. ಚೇಷ್ಟೆಗೆ ಅಂದದ್ದೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು.

“ಅಕ್ಕಾ, ನೀವು ಕುಂದರ್ರಿ, ನಾ ಮಾಡ್ತೀನಿ” ಎಂದಳು ಪಲ್ಲವಿ. ಹೇಗೋ ಅದನ್ನು ಎಬ್ಬಿಸಿದಳು. “ಇದಕ್ಕ ಮಲಮ ಹಚ್ಚಿದ್ರ ಆಗೂದಿಲ್ರಿ. ರೀಸೆಟ್ ಹೊಡದ್ರ ಹೊಸಾದರಂಗ ಆಗತೈತಿ. ಅಂಜಬ್ಯಾಡ್ರಿ ಅತ್ಯಾರ, ಫೈಲು ಹಂಗ ಇಟಗೊಂಡ ರೀಸೆಟ್ ಮಾಡಾಕ ಬರತೈತಿ. ಆದ್ರೂ ಮೊದಲ ಎಲ್ಲಾ ಪೆನ್‌ಡ್ರೈವಿಗೆ ಕಾಪಿ ತಗೋತೀನಿ.”

ಎಷ್ಟು ಸರಿಯಾಗಿ ಹೇಳಿದಳು ನೋಡಿ. ಬರೀ ಹೇಳಲಿಲ್ಲ, ಮಾಡಿದಳು ಕೂಡ. ಕಾಪಿ ತೆಗೆದಳು. ತೆಗೆದ ಕಾಪಿ ಸರಿಯಾಗಿದೆಯೋ ಇಲ್ಲವೋ ಎಂದು ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿ ತೆರೆದು ನೋಡಿದಳು. ಇದನ್ನು ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ. ‘ಅತ್ತೆ ಒಡಪು’ ತೆರೆದಳು, ಮುತ್ತಿನಂಥ ಕನ್ನಡ. “ಒಡಪು ಸೇಫ್ ಅದಾವ್ರಿ” ಎಂದು ಕೂಗಿದಳು; ಹಳೆಯವೂ ಅದರಲ್ಲೇ ಸೇರಿವೆ ಎಂದೇ ಅವಳ ತಿಳುವಳಿಕೆ. ಅತ್ತೆ ನಿಶ್ಚಿಂತರಾಗಿ ಒಳಗೆ ಅಡ್ಡಾದರು. ಆಮೇಲೆ ‘ನ್ಯೂ ಫೋಲ್ಡರ್’ ತೆರೆದಳು. ಬರೀ ಅಂಕಿಗಳ ಹೆಸರು. ಒಂದನ್ನು ಒತ್ತಿದಳು.

ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಪರದೆಯ ತುಂಬ ಟೋಪಿ, ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಒಂದು ಕಣ್ಣೆವೆಯ ಹೊತ್ತಿನಲ್ಲಿ ನನಗೆ ಗೊತ್ತಾಯಿತು. ಅವಳ ಲ್ಯಾಪ್‌ಟಾಪಿನಲ್ಲಿ ಆ ಹಳೆಯ ಫಾಂಟ್ ಇಲ್ಲ. ಫೋನಿನ ಕನ್ನಡದಲ್ಲಿಯೇ ಬೆಳೆದವಳು, ಅಂಥದೊಂದು ಫಾಂಟ್ ಇತ್ತೆಂದೇ ಅವಳಿಗೆ ತಿಳಿಯದು. ಆ ಹುಚ್ಚು ಅಕ್ಷರಗಳೇ ಅತ್ತೆಯ ಹನ್ನೊಂದು ವರ್ಷ.

“ಏನ್ರಿ ಅಕ್ಕಾ ಇದು? ಪೂರಾ ಕಚರಾ” ಎಂದು ಇನ್ನೊಂದು ತೆರೆದಳು, ಮತ್ತೊಂದು ತೆರೆದಳು. “ಎಲ್ಲಾ ಹಿಂಗ ಅದಾವ. ವೈರಸ್ ಏನರೆ ಹೊಕ್ಕೇತೇನು?” ಎಂದು ತಿರುಗಿ ನನ್ನ ಮುಖ ನೋಡಿದಳು.

ನೆನಪಿಡಿ, ಅವಳು ನನ್ನನ್ನು ಕೇಳಿದಳು. ಅವಸರದವಳಲ್ಲ, ಅಹಂಕಾರದವಳಲ್ಲ. ಕುರ್ಚಿಯಿಂದ ಅರ್ಧ ತಿರುಗಿ, ದೊಡ್ಡವಳನ್ನು ಕೇಳುವಂತೆ ಕೇಳಿದಳು.

“ಇರಬಹುದು” ಎಂದೆ ನಾನು.

ಹೌದು ಅನ್ನಲಿಲ್ಲ, ಗಮನಿಸಿ. ಇರಬಹುದು ಎಂದೆ. ಅಷ್ಟು ಚಿಕ್ಕ ಮಾತಿನಲ್ಲಿ ಅಷ್ಟು ದೊಡ್ಡ ಕೆಲಸ ನಾನು ಬೇರೆಂದೂ ಮಾಡಿಲ್ಲ.

“ಹಂಗಾದ್ರ ಫೈಲು ಇಟಗೊಂಡ ರೀಸೆಟ್ ಮಾಡಿದ್ರ ವೈರಸ್ಸೂ ಉಳೀತೈತಿ. ಪೂರಾ ತೆಗದ ಬಿಡ್ತೀನಿ” ಎಂದಳು. ಪೆನ್‌ಡ್ರೈವಿನಲ್ಲಿದ್ದ ನ್ಯೂ ಫೋಲ್ಡರನ್ನು ಮೊದಲು ಅಳಿಸಿದಳು. ಹಳೆಯ ಕಂಪ್ಯೂಟರಿನ ಕಡೆ ತಿರುಗಿ ರೀಸೆಟ್ ತೆರೆದಳು. ‘ಎಲ್ಲವನ್ನೂ ತೆಗೆದುಹಾಕು’ ಎಂಬುದರ ಮೇಲೆ ಬಾಣದ ಗುರುತು ಹೋಗಿ ನಿಂತಿತು. ನಾನು ಚಹಾ ಇಡಲು ಅಡುಗೆಮನೆಗೆ ಹೋದೆ.

ನಿಮಗೆ ನನ್ನ ಮೇಲೆ ಸಿಟ್ಟು ಬಂದಿರಬಹುದು. ನನ್ನ ಯೋಚನೆ ಏನಿತ್ತು ಎಂದು ಹೇಳಿಬಿಡುತ್ತೇನೆ. ಕಪಾಟಿನಲ್ಲಿ ನನ್ನದೊಂದು ಸೀಡಿ ಇತ್ತು. ಅದರಲ್ಲಿ ಆ ಫೋಲ್ಡರಿನ ಒಂದು ಪ್ರತಿ ಇತ್ತು. ಸಂಜೆ ಅತ್ತೆ ಒಡಪು ಹುಡುಕುತ್ತಾರೆ, ಸಿಗುವುದಿಲ್ಲ, ಪಲ್ಲವಿಯ ಮುಖ ಬಿಳಿಚಿಕೊಳ್ಳುತ್ತದೆ, ಆಗ ನಾನು ಸೆರಗಿಗೆ ಕೈ ಒರೆಸುತ್ತ ಬಂದು ಸೀಡಿ ತೆಗೆದುಕೊಡುತ್ತೇನೆ. ಅಷ್ಟೇ. ಚಹಾದ ನೀರು ಕುದಿಯುವಷ್ಟರಲ್ಲಿ ಆ ದೃಶ್ಯವನ್ನು ಎರಡು ಸಲ ನೋಡಿದೆ. ಎರಡನೆಯ ಸಲ ಅತ್ತೆ ನನ್ನನ್ನು ಅಪ್ಪಿಕೊಂಡರು ಕೂಡ.

ಅಡುಗೆಮನೆಯ ಗೋಡೆಗೆ ಹತ್ತಿ ಅತ್ತೆಯ ಕೋಣೆ. ಅವರ ಫೋನು ಬಡಿಯಿತು. ಯಾರದೋ ಮಗಳ ಕುಬಸ ಇರಬೇಕು.

“ಹೂಂ, ಕುಬಸದ್ದ? ಚಿಕ್ಕಡಪಲ್ಲಿ ಗಂಗಮ್ಮಜ್ಜಿ ಒಂದು ಹೇಳಿದ್ಲು, ಭಾಳ ಚಲೋದು. ಪಾಪ, ಹ್ವಾದ ವರ್ಷ ತೀರಕೊಂಡ್ಲು ಅಕಿ. ಹಾಸಿಗಿ ಹಿಡದಾಗ ಮೂರು ದಿನ ಹೋಗಿ ಕುಂತ ಕೇಳಿಕೊಂಡ ಬಂದೀನಿ… ಇಲ್ಲವ್ವ, ನನಗ ಈಗ ಏನೂ ನೆನಪ ಉಳಿಯಂಗಿಲ್ಲ. ಕಂಪ್ಯೂಟರದಾಗ ಐತಿ. ಅದು ಹಗೂರಕ ಏಳತೈತಿ, ಆದ್ರ ಎಲ್ಲಾ ನೆನಪ ಇಟ್ಟೈತಿ. ಸಂಜಿಕ ನೋಡಿ ಹೇಳ್ತೀನಿ.”

ಗಂಗಮ್ಮಜ್ಜಿ ಸತ್ತದ್ದು ಹೋದ ವರ್ಷ. ನನ್ನ ಸೀಡಿ ಆರು ವರ್ಷ ಹಿಂದಿನದು.

ಓಡಿದೆ. ಗ್ಯಾಸ್ ಆರಿಸಲಿಲ್ಲ. “ಪಲ್ಲವಿ, ಒತ್ತಬ್ಯಾಡ!” ಎಂದು ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿತಂತೆ.

“ಒತ್ತೀನಿ ಅಕ್ಕಾ. ಯಾಕ?” ಎಂದಳು.

ಪರದೆ ಮಬ್ಬಾಗಿತ್ತು. ರೀಸೆಟ್ಟಿಗೆ ಸಿದ್ಧವಾಗುತ್ತಿದೆ ಎಂಬ ಒಂದು ಸಾಲು, ಅದರ ಪಕ್ಕ ಸುತ್ತುವ ಉಂಗುರ. ಬೇರೆ ಯಾವ ಕಂಪ್ಯೂಟರಾದರೂ ಇಷ್ಟು ಹೊತ್ತಿಗೆ ಎಲ್ಲವನ್ನೂ ನುಂಗಿ ಕೂತಿರುತ್ತಿತ್ತು. ಇದು ಅಳಿಸುವ ಕೆಲಸವನ್ನೂ ತನ್ನ ನಿಧಾನದಲ್ಲಿಯೇ ಮಾಡುತ್ತ, ಇನ್ನೂ ತಯಾರಿಯಲ್ಲಿಯೇ ಇತ್ತು. ಕ್ಯಾನ್ಸಲ್ ಒತ್ತಿದೆ, ಕೇಳಲಿಲ್ಲ. ಬಾಣದ ಗುರುತು ಅಲ್ಲಾಡಲಿಲ್ಲ. ಬಗ್ಗಿ, ಡಬ್ಬಿಯ ಮುಂದಿನ ಗುಂಡಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದೆ. ಒಂದು, ಎರಡು, ಮೂರು, ನಾಲ್ಕು. ಡಬ್ಬಿಯೊಳಗಿನ ಪಂಖ ನಿಂತಿತು. ಆಗ ಬಂತು ಆ ವಾಸನೆ; ಮೂಗು ಡಬ್ಬಿಗೆ ಹತ್ತಿಕೊಂಡಂತೆ ಇತ್ತಲ್ಲ.

“ಆ ಕಚರಾ ಒಡಪು” ಎಂದೆ. “ಹಳೇ ಫಾಂಟಿನ್ಯಾಗ ಅದಾವು.”

ಪಲ್ಲವಿಯ ಮುಖ ನಾನು ಅಡುಗೆಮನೆಯಲ್ಲಿ ಕಲ್ಪಿಸಿಕೊಂಡದ್ದಕ್ಕಿಂತ ಹೆಚ್ಚು ಬಿಳಿಚಿತು. ನೋಡಿ ಖುಷಿಪಡುವ ಹಾಗಿರಲಿಲ್ಲ.

ನಡುವೆ ಹೀಗೆ ಕತ್ತು ಹಿಚುಕಿದರೆ ಕಂಪ್ಯೂಟರ್ ಮತ್ತೆ ಏಳದೆಯೂ ಹೋಗಬಹುದು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಮತ್ತೆ ಆನ್ ಮಾಡಿದೆವು. ಕಪ್ಪು ಪರದೆ. ಉಂಗುರ. ಉಂಗುರ ನಿಂತಿತು. ಮತ್ತೆ ಸುತ್ತಿತು. ಮಾಡಿದ ಬದಲಾವಣೆಗಳನ್ನು ಹಿಂದಕ್ಕೆ ಪಡೆಯುತ್ತಿದೆ ಎಂಬ ಸಾಲು ಬಂತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಪಲ್ಲವಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು, ಅವಳ ಉಗುರು ನನ್ನ ಚರ್ಮಕ್ಕೆ ಇಳಿದಿತ್ತು. ಅತ್ತೆ ಎದ್ದು ಬಂದು “ಏನಾತವ್ವ, ಚಹಾ ಹೊತ್ತಿದ ವಾಸನಿ ಬರಾಕತ್ತೈತಿ” ಎನ್ನುವಾಗ ಡೆಸ್ಕ್‌ಟಾಪ್ ಮೂಡಿತು. ಮೂಲೆಯಲ್ಲಿ ನ್ಯೂ ಫೋಲ್ಡರ್. ಒಂದನೇ ಫೈಲು ತೆರೆದೆ. ಕನ್ನಡ.

ಹೇಳಬೇಕಾದದ್ದನ್ನು ಆಗಲೇ ಹೇಳಬಹುದಿತ್ತು. ಅತ್ತೆ ಅರ್ಧ ಕೇಳಿ, ಅರ್ಧ ತಾವೇ ಊಹಿಸಿಕೊಂಡು ಪಲ್ಲವಿಯ ಮೇಲೆ ಹರಿಹಾಯ್ದರು. “ನಿನಗ ತಿಳೀಲಾರದ್ದಕ್ಕ ಕೈ ಹಾಕಬ್ಯಾಡ. ದೊಡ್ಡಾಕಿ ಓಡಿ ಬರದಿದ್ರ ನನ್ನ ಬಾಯಾಗ ಮಣ್ಣು ಬೀಳ್ತಿತ್ತು.”

“ನಾ ಅಕ್ಕಾರನ್ನ…” ಎಂದು ಶುರು ಮಾಡಿದ ಪಲ್ಲವಿ ನನ್ನ ಕಡೆ ನೋಡಿದಳು. ನಾನು ಕೀಬೋರ್ಡಿನ ಧೂಳು ನೋಡುತ್ತಿದ್ದೆ. ಅವಳು ಮಾತು ನುಂಗಿಕೊಂಡು, “ತಪ್ಪಾತ್ರಿ ಅತ್ಯಾರ” ಎಂದಳು.

ಮುಂದಿನ ವಾರ ನಾನು ಎಲ್ಲವನ್ನೂ ವಿಧಿವತ್ತಾಗಿ ಮಾಡಿದೆ. ಒಡಪುಗಳನ್ನೂ, ಆ ಫಾಂಟನ್ನೂ ಎರಡು ಕಡೆ ಕಾಪಿ ಮಾಡಿ, ಕಚೇರಿಯ ಕಂಪ್ಯೂಟರಿನಲ್ಲಿ ಫಾಂಟ್ ಹಾಕಿ ಒಂದೊಂದನ್ನೂ ತೆರೆದು ನೋಡಿದೆ. ಆಮೇಲೆ ಡಬ್ಬಿಯನ್ನು ಆಟೋದಲ್ಲಿ ಒಯ್ದು ರಿಪೇರಿಯವನ ಮುಂದಿಟ್ಟೆ. ಅವನು ಡಿಸ್ಕಿಗೆ ಕಿವಿ ಹಚ್ಚಿ, “ಮಷೀನ್ ಅಚ್ಛಾಚ್ ಹೈ ಅಮ್ಮಾ, ಡಿಸ್ಕ್ ಥಕ್ ಗಯಾ. ಇತ್ತೇ ದಿನ್ ಕಾಯ್ಕೂ ರುಕೇ?” ಎಂದು ಕೇಳಿದ. ಡಬ್ಬಿ ಚೆನ್ನಾಗಿಯೇ ಇದೆ, ದಣಿದದ್ದು ಡಿಸ್ಕು, ಸರಿ; ಇಷ್ಟು ದಿನ ಯಾಕೆ ಕಾದೆ? ಉತ್ತರ ಅವನಿಗೆ ಹೇಳುವಂಥದ್ದಾಗಿರಲಿಲ್ಲ. ಹೊಸ ಡಿಸ್ಕು, ರ್‍ಯಾಮು ಬಿದ್ದವು. ಈಗ ಅದು ಕುಕ್ಕರಿನ ಮುಚ್ಚಳ ಹಾಕುವಷ್ಟರಲ್ಲಿ ಏಳುತ್ತದೆ. ಅತ್ತೆ ಬಂದವರಿಗೆಲ್ಲ ನನ್ನ ಸಾಹಸ ಹೇಳಿದ್ದೇ ಹೇಳಿದ್ದು. ನನ್ನ ಜಾಗ ನನಗೆ ಮರಳಿ ಬಂತು. ಪಲ್ಲವಿ ಆ ಕಂಪ್ಯೂಟರನ್ನು ಮತ್ತೆ ಮುಟ್ಟಲಿಲ್ಲ. ಅತ್ತೆಯೂ ಫೋನಿನಲ್ಲಿ ಮಾತಾಡಿ ಬರೆಸುವುದನ್ನು ಬಿಟ್ಟು ಮತ್ತೆ ಒಂದು ಬೆರಳಿಗೆ ಬಂದರು. ಅವರ ತಲೆಗೆ ಎಣ್ಣೆ ಹಚ್ಚುವುದನ್ನು ಪಲ್ಲವಿ ಯಾವಾಗ ನಿಲ್ಲಿಸಿದಳೋ ನನಗೆ ಗಮನಕ್ಕೆ ಬರಲಿಲ್ಲ. ಗಮನಕ್ಕೆ ಬರಲಿಲ್ಲ ಎನ್ನುವುದೂ ಸುಳ್ಳೇ.

ಇಷ್ಟಾದರೂ ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡಿ. ತಪ್ಪಿಲ್ಲದೆ ‘ತಪ್ಪಾತ್ರಿ’ ಎಂದಳಲ್ಲ, ಆ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚು. ಕಚೇರಿಯಲ್ಲಿ ಯಾವುದಾದರೂ ಪರದೆಯ ಮೇಲೆ ಉಂಗುರ ಸುತ್ತಿದರೆ ನನಗೆ ಕೇಳಿಸುವುದು ನನ್ನದೇ ದನಿ: ಇರಬಹುದು. ಅತ್ತೆಯ ಫೋನು ಐದು ನಿಮಿಷ ತಡವಾಗಿ ಬಂದಿದ್ದರೆ? ಗಂಗಮ್ಮಜ್ಜಿಯ ಹೆಸರು ಅವರ ಬಾಯಿಗೆ ಬರದಿದ್ದರೆ?

ಹೋದ ಭಾನುವಾರ ಕುಂಚ ಕೆಳಗಿಟ್ಟವಳು ಕೈ ತೊಳೆಯಲೂ ಇಲ್ಲ. ಅತ್ತೆ, ಪಲ್ಲವಿ ಇಬ್ಬರೂ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಎದುರು ಕೂತು ಹೇಳಿದೆ. ಫಾಂಟ್ ಗುರುತು ಸಿಕ್ಕಿತ್ತು, ಗೊತ್ತಿದ್ದೂ ‘ಇರಬಹುದು’ ಎಂದೆ, ಗೊತ್ತಿದ್ದೂ ಚಹಾಕ್ಕೆ ಹೋದೆ. ಗಂಡಸರು ಮನೆಯಲ್ಲಿರಲಿಲ್ಲ, ಅಷ್ಟು ಪುಣ್ಯ.

ಅತ್ತೆ ಕೈಯಲ್ಲಿದ್ದ ಸೊಪ್ಪಿನ ದಂಟನ್ನು ಕೆಳಗಿಟ್ಟರು. “ನಿನಗ ಹೊಟ್ಟಿಕಿಚ್ಚು ಐತಿ ಅಂತ ನನಗ ಗೊತ್ತಿತ್ತು” ಎಂದರು. “ಇಷ್ಟ ಐತಿ ಅಂತ ಗೊತ್ತಿರಲಿಲ್ಲ.”

ಪಲ್ಲವಿ ಅಳಲಿಲ್ಲ. “ಆರು ತಿಂಗಳ ಅತ್ಯಾರ ಮಾರಿ ನೋಡಾಕ ಅಂಜೀನ್ರಿ ನಾ” ಎಂದು ಮೊರದ ತುಂಬ ಸೊಪ್ಪು ಬಿಟ್ಟು ಎದ್ದು ಹೋದಳು. ಅತ್ತೆ ಅವಳ ಹಿಂದೆ ಹೋದರು. ಮುಚ್ಚಿದ ಬಾಗಿಲಿನಾಚೆ ಅತ್ತೆಯ ಪಿಸುದನಿ ಕೇಳಿತು. ಏನು ಹೇಳಿದರೋ ತಿಳಿಯಲಿಲ್ಲ. ನಾನು ಉಳಿದ ಸೊಪ್ಪು ಬಿಡಿಸಿದೆ.

ನಾಲ್ಕು ದಿನ ಅವಳು ನನ್ನನ್ನು ‘ಅಕ್ಕಾ’ ಎನ್ನಲಿಲ್ಲ. ಊಟಕ್ಕೆ ಬಡಿಸಿ ತನ್ನ ಕೋಣೆಗೆ ಹೋಗುತ್ತಿದ್ದಳು. ಐದನೇ ದಿನ, ಅಂದರೆ ನಿನ್ನೆ ಬೆಳಿಗ್ಗೆ, ನಾನು ಕಚೇರಿಗೆ ಹೊರಡುವಾಗ ಲ್ಯಾಪ್‌ಟಾಪ್ ತಂದು ಹಳೆಯ ಕಂಪ್ಯೂಟರಿನ ಪಕ್ಕ ಇಟ್ಟಳು. “ಆ ಹಳೇ ಫಾಂಟಿಂದ ಹೊಸಾ ಕನ್ನಡಕ್ಕ ಬದಲಿ ಮಾಡಾಕ ಬರತೈತಂತ. ಹಂಗ ಮಾಡಿದ್ರ ಎಲ್ಲಿ ತೆಗದ್ರೂ ಓದಾಕ ಬರತಾವ” ಎಂದಳು. ಮಾತು ನನಗೋ ಗೋಡೆಗೋ ಸ್ಪಷ್ಟವಿರಲಿಲ್ಲ. ಆದರೂ ಚೀಲ ಕೆಳಗಿಟ್ಟು ಕೂತೆ. ಅವಳು ಒಂದೊಂದೇ ಫೈಲು ಹಾಕುತ್ತ ಹೋದಳು. ಟೋಪಿ ಕೊಂಬಿನ ಅಕ್ಷರಗಳು ಈ ಕಡೆಯಿಂದ ಹೋಗಿ ಆ ಕಡೆ ಒಡಪಾಗಿ ಬಂದವು. ನಾನು ಹನ್ನೊಂದು ವರ್ಷ ಕಾದಿದ್ದ ಗಂಟನ್ನು ಅವಳು ಒಂದು ಗಂಟೆಯಲ್ಲಿ ಬಿಚ್ಚಿಟ್ಟಳು. ಅತ್ತೆ ನಡುವೆ ಬಂದು ಅವಳ ಭುಜದ ಮೇಲೆ ಕೈ ಇಟ್ಟು ನೋಡಿದರು; ಪಕ್ಕದಲ್ಲಿ ನನ್ನ ಭುಜವೂ ಇತ್ತು, ಖಾಲಿಯಾಗಿ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಉರಿಯಿತು.

“ಎಲ್ಲಾ ಆದವು” ಎಂದಳು ಪಲ್ಲವಿ. ನ್ಯೂ ಫೋಲ್ಡರಿನ ಮೇಲೆ ಬಾಣದ ಗುರುತು ಇಟ್ಟು, ಪರದೆಯನ್ನೇ ನೋಡುತ್ತ ಕೇಳಿದಳು: “ಹಳೇವು ಇನ್ನ ತೆಗದ ಬಿಡ್ಲ್ಯಾ?”

“ತಡಿ” ಎಂದೆ. ಅವಳ ಮಾತು ಮುಗಿಯುವ ಮೊದಲೇ ಅಂದಿದ್ದೆ. “ಮೊದಲ ಒಂದೊಂದ ತೆಗದ ಓದಿ ನೋಡೂಣು. ನೀ ಓದು, ನಾ ಹಳೇದರ ಜೋಡಿ ತಾಳೆ ನೋಡ್ತೀನಿ.”

ಬಾಣದ ಗುರುತು ಹಿಂದೆ ಸರಿಯಿತು. ಅವಳು ನನ್ನ ಕಡೆ ನೋಡಲಿಲ್ಲ, ಆದರೆ ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಜರುಗಿಸಿ ಜಾಗ ಮಾಡಿದಳು. ಒಂದನೇ ಫೈಲು ತೆರೆದು ಓದತೊಡಗಿದಳು. ನಾನು ಕಚೇರಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದೆ.